ಬಲಗಡೆಯಿಂದ ಬರೆದ ಸಾಲು

ಬಸ್ಸಿಳಿದು ಹಿಡಿದ ಬಂಡಿಯಿಂದ ಕರೀಮ ಸಾಬ ಮಚ್ಛೇಂದ್ರನನ್ನು ಇಳಿಸುವ ಹೊತ್ತಿಗೆ ಭಾಲ್ಕಿಯ ಆ ಓಣಿಯ ಅರ್ಧ ಜನ ಹೊರಗೆ ಬಂದು ನಿಂತಿದ್ದರು. ಎಡಗಾಲು ನೆಲಕ್ಕೆ ಇಟ್ಟವನೇ ಮಚ್ಛೇಂದ್ರ ಎಡಕ್ಕೆ ವಾಲಿದ. ಕರೀಮ ಸಾಬ ತೋಳು ಹಿಡಿದು ನಿಲ್ಲಿಸಿದ. ಮತ್ತೆ ಎರಡು ಹೆಜ್ಜೆ, ಮತ್ತೆ ಎಡಕ್ಕೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಬಿಕ್ಕಳಿಕೆ ಒಂದರ ಹಿಂದೆ ಒಂದು ಬರುತ್ತಿತ್ತು.

“ಬಂತು ನೋಡ್ರಿ ಸವಾರಿ,” ಎಂದಳು ಎದುರುಮನೆಯ ಮುದುಕಿ. “ಪಂಚಶೀಲ ಹೊತ್ತಕೊಂಡು ಬಂದಾನ.”

ಯಾರೋ ನಕ್ಕರು. ಜೋಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿದ್ದ ಅನುಸೂಯಾಬಾಯಿ ಗಂಡನ ಹತ್ತಿರ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಅವನ ಬಾಯಿ ಮೂಸಿ ನೋಡಿದ್ದು. ಟರ್ಪಂಟೈನಿನ ವಾಸನೆ, ಅಗಸೆ ಎಣ್ಣೆಯ ವಾಸನೆ. ಅವನ ಅಂಗಿ, ಕೈ, ಕೂದಲು ಯಾವಾಗಲೂ ಇದೇ ನಾರುತ್ತಿದ್ದವು. ಅದರ ಅಡಿಯಲ್ಲಿ ಸಿಂದಿ ಹೆಂಡದ ಹುಳಿ ಇದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಮೊದಲು ಅವನು ಕುಡಿಯುತ್ತಿದ್ದ. ಸಿಂದಿಖಾನೆಯಿಂದ ಅವನನ್ನು ಎಳೆದು ತರುವುದು ಅವಳ ಸಂಜೆಯ ಕೆಲಸಗಳಲ್ಲಿ ಒಂದಾಗಿತ್ತು. ಹಿಂದಿನ ದಸರೆಗೆ ಅವನ ಕಾಕಾ ಗೋರಖನಾಥ ನಾಗಪುರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬಂದ. ಬಂದವನು ಇಡೀ ಓಣಿಯನ್ನು ಸಾಲಾಗಿ ನಿಲ್ಲಿಸಿ ಬೌದ್ಧ ಧರ್ಮದ ಪಂಚಶೀಲ ಹೇಳಿಸಿದ. ಕುಡಿಯುವುದಿಲ್ಲ ಎಂಬ ಮಾತು ಬಂದಾಗ ಎಲ್ಲರೂ ತಿರುಗಿ ನೋಡಿದ್ದು ಮಚ್ಛೇಂದ್ರನನ್ನು. ಅವನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ. ಹೇಳಿದಂತೆ ನಡೆದುಕೊಂಡ. ಗೋರಖನಾಥ ಅವನನ್ನು ಓಣಿಯ ಬೌದ್ಧ ಕಮಿಟಿಗೆ ಸೇರಿಸಿಕೊಂಡು, “ಇವನೇ ಬಿಟ್ಟಾನಂದ್ರ ನಿಮಗೇನ ಧಾಡಿ?” ಎಂದು ಉಳಿದವರಿಗೆ ಅವನನ್ನೇ ತೋರಿಸುತ್ತಿದ್ದ.

ಅದೇ ಹೊತ್ತಿಗೆ ಬೀದರ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯ ಸೇರಿತು. ಕಚೇರಿಗಳ ಗೋಡೆ, ಕಮಾನುಗಳ ಮೇಲಿದ್ದ ಉರ್ದು ಹೆಸರುಗಳನ್ನು ಅಳಿಸಿ ಕನ್ನಡದಲ್ಲಿ ಬರೆಯುವ ಕೆಲಸ ಬಂತು. ಸುಣ್ಣ ಬಳಿಯುವವನು ಕರೀಮ ಸಾಬ, ಅಕ್ಷರ ಬರೆಯುವವನು ಮಚ್ಛೇಂದ್ರ. “ನಾ ಅಳಿಸವ, ಇವ ಬರಿಯವ. ದೇವರ ಕೆಲಸ ಹಂಚಕೊಂಡೇವಿ,” ಎನ್ನುತ್ತಿದ್ದ ಕರೀಮ ಸಾಬ.

ಮಚ್ಛೇಂದ್ರ ಅಕ್ಷರ ಕಲಿತದ್ದು ಬೀದರದ ಅಬ್ದುಲ ಗಫೂರ ಎಂಬ ಉಸ್ತಾದನ ಕೈಕೆಳಗೆ. ಕಲಿತದ್ದು ಉರ್ದು. ಹಾಗಾಗಿ ಕನ್ನಡವನ್ನೂ ಅವನು ಬಲಗಡೆಯಿಂದಲೇ ಬರೆಯುತ್ತಿದ್ದ. ಬಲತುದಿಯಲ್ಲಿ ಕೊನೆಯ ಅಕ್ಷರ ಮೊದಲು, ಆಮೇಲೆ ಅದರ ಹಿಂದಿನದು. ಹೀಗೆ ಹಿಂದಕ್ಕೆ ಹಿಂದಕ್ಕೆ ಸರಿದು ಎಡತುದಿಯಲ್ಲಿ ಹೆಸರಿನ ತಲೆ. ಒಮ್ಮೆ ಮನೆಯ ಗೋಡೆಯ ಮೇಲೆ ಅನುಸೂಯಾಳ ಹೆಸರನ್ನು ಹಾಗೆ ಬರೆದು ತೋರಿಸಿದ್ದ. ಬಾಲದಿಂದ ಹಿಡಿದು ತನ್ನನ್ನು ಎಳೆದು ತಂದಂತೆ ಅವಳಿಗೆ ಅನಿಸಿತ್ತು.

ಈಗ ಅವನನ್ನು ಕಟ್ಟೆಯ ಮೇಲೆ ಕೂರಿಸಿದರು. ಕೂತಲ್ಲೂ ಎಡಕ್ಕೆ ಜಾರುತ್ತಿದ್ದ.

“ಕುಡದಿಲ್ಲ ಭಾಬಿ,” ಎಂದ ಕರೀಮ ಸಾಬ. “ಖುದಾ ಕಸಮ್. ಔರಾದದಾಗ ನನ್ನ ಜತಿಗೇ ಇದ್ದ. ಮುಂಜಾನಿ ಛಂದ ಇದ್ದ. ಕೆಲಸ ಮಾಡ್ತ ಮಾಡ್ತ ಹಿಂಗಾದ.”

ಅಷ್ಟರಲ್ಲಿ ಗೋರಖನಾಥ ಬಂದ. ಕೈಯಲ್ಲಿ ಅವನ ಕಪ್ಪು ಕೊಡೆ. ಅವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವನ ಮಗ ಏಕನಾಥ, ಮಚ್ಛೇಂದ್ರ ಹೆಸರು ಬರೆಯಲು ಹೋಗಿದ್ದ ಔರಾದದ ಕಚೇರಿಯಲ್ಲೇ ಜವಾನ. ಮಚ್ಛೇಂದ್ರ ನಿಚ್ಚಣಿಕೆಯ ಬುಡದಲ್ಲಿ ಬಿದ್ದದ್ದನ್ನು ನೋಡಿ, ‘ದಾದಾ ಮತ್ತ ಸುರು ಮಾಡ್ಯಾನ’ ಎಂದು ಮುಂಚಿನ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ್ದ.

“ಏನಲೇ ಮಚ್ಛ್ಯಾ,” ಎಂದ ಗೋರಖನಾಥ. “ಏನಾಗ್ಯದ? ನೀನೇ ಹೇಳು.”

ಮಚ್ಛೇಂದ್ರ ಕುತ್ತಿಗೆಯ ಹಿಂದೆ ಕೈ ಇಟ್ಟುಕೊಂಡ. ನಾಲಗೆ ದಪ್ಪವಾಗಿತ್ತು, ದನಿ ಒಡೆದಿತ್ತು. “ನಶ…” ಎಂದ. ಬಿಕ್ಕಳಿಸಿದ. “ನಶ… ಕಾಕಾ…”

“ಕೇಳಿದ್ರೆಲ್ಲಾ?” ಗೋರಖನಾಥ ಜನರ ಕಡೆ ತಿರುಗಿದ. “ತಾನೇ ಒಪ್ಪಕೊಂಡಾನ. ನಶಾ ಅಂತ.”

“ನಶಾ ಅಲ್ಲ ಕಾಕಾ, ನಸ! ನಸ ಅಂತಾನ,” ಎಂದ ಕರೀಮ ಸಾಬ. “ಗರ್ದನ್ ನಸ. ಕುತ್ತಿಗಿ ನರ ಹಿಡದದ ಅಂತ ಬಸ್ಸಿನಾಗಿಂದ ಇದೇ ಹೇಳ್ಲಕತ್ತಾನ. ನಾಲಿಗಿ ಹೊರಳವಲ್ದು ಅವನಿಗಿ.”

“ಯಾಕ ಹೊರಳವಲ್ದು?”

ಕರೀಮ ಸಾಬ ಜಾರುತ್ತಿದ್ದ ಮಚ್ಛೇಂದ್ರನನ್ನು ಮತ್ತೆ ನೆಟ್ಟಗೆ ಕೂರಿಸಿದ.

ಅತ್ತೆ ಕೇಶರಬಾಯಿ ಹುಣಸೆ ಹುಳಿ ಕಿವುಚಿದ ನೀರು ತಂದಳು. ಅಮಲು ಇಳಿಯಲೆಂದು ಹಿಂದೆ ಎಷ್ಟೋ ಸಲ ಕೊಟ್ಟದ್ದೇ. ಗದ್ದ ಹಿಡಿದು ಬಾಯಿಗೆ ಸುರಿದಳು. ನೀರು ಒಳಗೆ ಹೋಗಲಿಲ್ಲ. ಅರ್ಧ ಮೂಗಿನಿಂದ ಹೊರಗೆ ಬಂತು, ಉಳಿದದ್ದು ಎಲ್ಲೋ ಅಡ್ಡ ಸೇರಿ ಅವನು ಕೆಮ್ಮಿ ಕೆಮ್ಮಿ ಮುಖ ಕಪ್ಪಾಯಿತು. ಗೋರಖನಾಥ, “ಇನ್ನ ಹಾಕು, ವಾಂತಿ ಆಗ್ಲಿ,” ಎಂದ. ಕೇಶರಬಾಯಿ ಮತ್ತೆ ಬಟ್ಟಲು ಎತ್ತಿದಳು.

ಅನುಸೂಯಾ ಹಿಟ್ಟಿನ ಕೈಯಿಂದ ಬಟ್ಟಲನ್ನು ಹೊಡೆದಳು. ಅದು ಉರುಳಿ ಓಣಿಗೆ ಬಿತ್ತು.

“ಹುಚ್ಚು ಹಿಡದದೇನ ನಿನಗ?” ಎಂದಳು ಅತ್ತೆ.

“ಅತ್ಯಾ, ಕುಡದವ ಏನ ಕೊಟ್ಟರೂ ನುಂಗ್ತಾನ. ಇವರಿಗಿ ನುಂಗ್ಲಕ್ಕೇ ಬರವಲ್ದು. ನೋಡ್ರಿ ನೀವು.”

ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಗೋರಖನಾಥ ಕೊಡೆ ಕಂಕುಳಿಗೆ ಸಿಕ್ಕಿಸಿ ಹೊರಟ. ಓಣಿಯ ತುದಿಯಲ್ಲಿ ನಿಂತು, “ನನ್ನ ಮಾರಿಗಿ ಸುಣ್ಣ ಬಳದಿ,” ಎಂದ. ಅದನ್ನು ಮಚ್ಛೇಂದ್ರನಿಗೆ ಹೇಳಿದನೋ ಕರೀಮ ಸಾಬನಿಗೆ ಹೇಳಿದನೋ, ಅನುಸೂಯಾಳಿಗೆ ತಿಳಿಯಲಿಲ್ಲ.

ಅವತ್ತೇ ಅವಳೂ ಕರೀಮ ಸಾಬನೂ ಸೇರಿ ಅವನನ್ನು ರೈಲಿಗೆ ಹತ್ತಿಸಿ ಬೀದರದ ದವಾಖಾನೆಗೆ ಕರೆದೊಯ್ದರು. ನಡುವೆ ಹಲಬರ್ಗಾ ಬಂತು, ಅವಳ ತವರೂರು. ಪ್ಲಾಟ್‌ಫಾರ್ಮಿನಲ್ಲಿ ಅವಳ ಅಪ್ಪನ ಪರಿಚಯದವನೊಬ್ಬ ಕಿಟಕಿಯ ಹತ್ತಿರ ಬಂದು, “ಅಳಿಯಂದ್ರು ಆರಾಮ ಏನವ್ವ?” ಎಂದ. ಒಳಗೆ ಇಣುಕಿದ. ಇಳಿದ ರೆಪ್ಪೆ, ಜೊಲ್ಲು, ಬಿಕ್ಕಳಿಕೆ ನೋಡಿದ. “ಹೂಂ,” ಎಂದು ಅರ್ಥವಾದವನಂತೆ ತಲೆ ಆಡಿಸಿ ಹೋದ. ರೈಲು ಹೊರಡುವ ತನಕ ಅವಳಿಗೆ ಅವನನ್ನು ಕೂಗಿ ಕರೆದು ಹೇಳಬೇಕೆನಿಸುತ್ತಿತ್ತು. ಏನೆಂದು ಹೇಳುವುದು?

ದಾರಿಯಲ್ಲಿ ಕರೀಮ ಸಾಬ ನಡೆದದ್ದನ್ನು ಹೇಳಿದ. ಔರಾದದ ಕಚೇರಿಯ ಕಮಾನು ಎತ್ತರದ್ದು. ನಿಚ್ಚಣಿಕೆ ಸಾಲದೆ, ತುದಿ ಮೆಟ್ಟಲಿನ ಮೇಲೆ ನಿಂತು ತಲೆ ಹಿಂದಕ್ಕೆ ಚೆಲ್ಲಿ ಬರೆಯಬೇಕು. ದಿನವೆಲ್ಲ ಹಾಗೇ. ಸಂಜೆಗೆ ಮಚ್ಛೇಂದ್ರ ಎರಡೂ ಕೈಯಿಂದ ತನ್ನ ಗದ್ದವನ್ನೇ ಹಿಡಿದು ಕುತ್ತಿಗೆಯನ್ನು ಲಟ್ಟನೆ ತಿರುವಿ ನೆಟಿಗೆ ತೆಗೆಯುತ್ತಿದ್ದ. ಅದು ಅವನ ಹಳೆಯ ಚಾಳಿ, ಅನುಸೂಯಾಳಿಗೂ ಗೊತ್ತಿತ್ತು. ಈ ಸಲ ನೆಟಿಗೆ ತೆಗೆದ ಮೇಲೂ ಕುತ್ತಿಗೆಯ ಎಡಭಾಗ ಸೀಳಿದ ಹಾಗೆ ನೋಯುತ್ತದೆ ಎನ್ನುತ್ತಿದ್ದ.

“ಇವತ್ತ ಮುಂಜಾನಿ ನೀಲಿ ಹಚ್ಚಿದ ದಾರ ಗ್ವಾಡಿಗಿ ಹೊಡದು ಗೆರಿ ಹಾಕಿದ್ವಿ. ನೆಟ್ಟಗ ಸುರು ಮಾಡಿದ. ಅರ್ಧಕ್ಕ ಬಂದಾಗ ಚಕ್ಕರ ಬಂತು ಅಂತ ಇಳದ. ವಾಂತಿ ಮಾಡಿದ. ಮತ್ತ ಹತ್ತಿ, ‘ಸಾಬ, ದಾರ ಸರದದ, ಗೆರಿ ಸೊಟ್ಟ ಆಗ್ಯದ’ ಅಂದ. ಸರದಿಲ್ಲಲೇ ಅಂದೆ. ಕೇಳಲಿಲ್ಲ. ತನ್ನ ಕಣ್ಣಿಗಿ ಹ್ಯಾಂಗ ಕಾಣ್ತೋ ಹಾಂಗ ಬರದ. ಮುಗಿಸಿ ಇಳಿಯೋದ್ರಾಗ ಬಿದ್ದ.”

ದವಾಖಾನೆಯಲ್ಲಿ ಕಂಪೌಂಡರ ಅಬ್ದುಲ ಸಮದ ಮಚ್ಛೇಂದ್ರನ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿದ. ಕೇಳಿ ಡಾಕ್ಟರಿಗೆ ಹೇಳಿದ. “ನಶಾ ಸಾಬ್. ಅವನೇ ಅಂತಾನ.”

ಡಾಕ್ಟರು ಹೊಸಬರು. ರಾಜ್ಯ ಸೇರಿದ ಮೇಲೆ ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಇಲ್ಲಿನ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು. ಉಳಿದ ಅರ್ಧಕ್ಕೆ ಅಬ್ದುಲ ಸಮದನೇ ಗತಿ.

“ಯಾವಾಗಮ್ಮ ಕುಡಿದಿದ್ದು?”

“ಕುಡದಿಲ್ಲರಿ. ಕುತ್ತಿಗಿ ಬ್ಯಾನಿ ಅದರಿ ಅವರಿಗಿ. ನುಂಗ್ಲಕ ಬರವಲ್ದರಿ.”

“ಎಲ್ಲರೂ ಹಾಗೇ ಹೇಳೋದು. ವರಾಂಡದಲ್ಲಿ ಮಲಗಿಸಿ. ಇಳಿದ ಮೇಲೆ ನೋಡೋಣ.”

“ಇಳಿಯಲಿಕ್ಕ ಏರಿಲ್ಲರಿ!”

ಡಾಕ್ಟರು ಅಷ್ಟರಲ್ಲಿ ಮುಂದಿನ ರೋಗಿಯ ನಾಡಿ ಹಿಡಿದಿದ್ದರು. ಅವಳು ಕರೀಮ ಸಾಬನ ಕಡೆ ನೋಡಿದಳು. ಅವನು ನಡುವೆ ಬಾಯಿ ಹಾಕಲು ಹೋಗಿ ಅಬ್ದುಲ ಸಮದನಿಂದ ಬೈಸಿಕೊಂಡ. ವರಾಂಡದ ಕಲ್ಲಿನ ಮೇಲೆ ಚಾದರ ಹಾಸಿ ಮಚ್ಛೇಂದ್ರನನ್ನು ಮಲಗಿಸಿದರು. ಬಂದು ಹೋಗುವವರು ಅವನನ್ನು ದಾಟುವಾಗ ಧೋತರ, ಸೀರೆ ಎತ್ತಿ ಹಿಡಿದು ದಾಟುತ್ತಿದ್ದರು. ಡಾಕ್ಟರು ಹೊರಗೆ ಬಂದಾಗಲೆಲ್ಲ ಅನುಸೂಯಾ ಎದ್ದು ನಿಂತಳು. ಪ್ರತಿ ಸಲವೂ ಅವರು, “ಇರಮ್ಮ,” ಎಂದರು. ಆ ಮಾತಿನ ಮೈಸೂರು ಮೆದುತನವೇ ಅವಳ ಮೈ ಉರಿಸಿತು. ಬೈದಿದ್ದರಾದರೂ ತಿರುಗಿ ಬೈಯಬಹುದಿತ್ತು.

ಮರುದಿನ ಬೆಳಿಗ್ಗೆ ಅಬ್ದುಲ ಸಮದನಿಗೆ ಏನನಿಸಿತೋ, ಹಿತ್ತಾಳೆ ಲೋಟದಲ್ಲಿ ಚಹಾ ತಂದುಕೊಟ್ಟ. ಅನುಸೂಯಾ ಸೆರಗಿನಿಂದ ಲೋಟ ಹಿಡಿದು ಪಕ್ಕಕ್ಕಿಟ್ಟಳು. ಗೋಡೆಗೆ ಒರಗಿ ಕೂತಿದ್ದ ಮಚ್ಛೇಂದ್ರ ಬಲಗೈ ಚಾಚಿ ಅದನ್ನು ಹೊಟ್ಟೆಭಾಗಕ್ಕೇ ಹಿಡಿದು ಎತ್ತಿಕೊಂಡ.

“ಅರೆ, ಬಿಸಿ ಅದಲೇ!” ಎಂದ ಅಬ್ದುಲ ಸಮದ.

ಮಚ್ಛೇಂದ್ರನಿಗೆ ಏನೂ ಆಗಲಿಲ್ಲ. ಅವನು ಎಡಕ್ಕೆ ವಾಲಿದಾಗ ಚಹಾ ಚೆಲ್ಲಿ ಬಲತೊಡೆಯ ಮೇಲೆ ಬಿತ್ತು. ಧೋತರದಿಂದ ಹಬೆ ಎದ್ದಿತು. ಅವನು ತೊಡೆಯನ್ನು ನೋಡಿದ, ಬೇರೆಯವರ ತೊಡೆಯನ್ನು ನೋಡುವ ಹಾಗೆ. ಅನುಸೂಯಾ ಕಿರುಚಿಕೊಂಡು ಧೋತರ ಸರಿಸಿದಳು. ಚರ್ಮ ಕೆಂಪಗೆ ಸುಟ್ಟಿತ್ತು.

ಆ ಕಿರುಚಾಟಕ್ಕೆ ಡಾಕ್ಟರು ಬಂದರು. ತೊಡೆ ನೋಡಿದರು, ಮುಖ ನೋಡಿದರು.

“ಉರಿಯಲ್ವಾ ನಿಮಗೆ?”

ಮಚ್ಛೇಂದ್ರ ಇಲ್ಲವೆಂದು ತಲೆ ಆಡಿಸಿದ.

ಡಾಕ್ಟರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಸೂಜಿ ತರಿಸಿದರು. ಬಲಗಾಲಿಗೆ, ಬಲಗೈಗೆ ಚುಚ್ಚಿದರೆ ನೋವಿಲ್ಲ. ಎಡಗಾಲಿಗೆ ಚುಚ್ಚಿದರೆ ಕಾಲು ಎಳೆದುಕೊಂಡ. ಆದರೆ ಮುಖದಲ್ಲಿ ಎಲ್ಲವೂ ತಿರುವು ಮುರುವು: ನೋವು ತಿಳಿಯದಿದ್ದದ್ದು ಎಡಗೆನ್ನೆಗೆ. ಬಾಯಿ ತೆರೆಸಿ ಗಂಟಲು ನೋಡಿದರು. ಇಳಿದ ರೆಪ್ಪೆ ಎತ್ತಿ ನೋಡಿದರು; ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಸಣ್ಣದಾಗಿತ್ತು.

“ಇವರು ಏನು ಅಂತಿದಾರೆ? ಸರಿಯಾಗಿ ಹೇಳಿ.”

“ನಶಾ ಅಂತ, ಸಾಬ್…” ಅಬ್ದುಲ ಸಮದನ ದನಿ ಕೆಳಗಿಳಿದಿತ್ತು.

“ನಸ ಅಂತಾರರಿ!” ಎಂದಳು ಅನುಸೂಯಾ. “ನಿಮ್ಮ ಕಡಿ ನರ ಅಂತೀರಲ್ಲ, ಅದೇರಿ. ಕುತ್ತಿಗಿ ನಸ. ನಿನ್ನಿಂದ ಅದೊಂದೇ ಮಾತು ಹೇಳ್ಲಕತ್ತಾರ.”

ಡಾಕ್ಟರು ಸೂಜಿ ಕೆಳಗಿಟ್ಟರು. ಆಮೇಲೆ ಕುತ್ತಿಗೆಯ ಬಗ್ಗೆ ಕೇಳಿದರು. ಕರೀಮ ಸಾಬ ಕಮಾನಿನ ಎತ್ತರ, ಹಿಂದಕ್ಕೆ ಚೆಲ್ಲಿದ ತಲೆ, ನೆಟಿಗೆ, ಎಲ್ಲ ಹೇಳಿದ. ಡಾಕ್ಟರು ತಲೆದೂಗಿದರು.

“ಕುಡಿದಿಲ್ಲಮ್ಮ. ಪಾರ್ಶ್ವವಾಯು. ಲಕ್ವಾ ಅಂತೀರಲ್ಲ ನೀವು, ಅದು.”

“ಲಕ್ವಾ ಮುದುಕರಿಗಿ ಬರ್ತದಲ್ಲರಿ. ಇವರ ಕೈಕಾಲು ಗಟ್ಟಿ ಅವ.”

“ಕೈಕಾಲು ಬೀಳದ ಲಕ್ವಾನೂ ಇರುತ್ತೆ. ಮಿದುಳಿಗೆ ರಕ್ತ ಒಯ್ಯೋ ನಾಳಗಳಲ್ಲಿ ಎರಡು ಕುತ್ತಿಗೆಯ ಮೂಳೆಗಳ ಒಳಗೇ ತೂರಿಕೊಂಡು ಮೇಲಕ್ಕೆ ಹೋಗ್ತವೆ. ನರ ಅಲ್ಲ, ರಕ್ತನಾಳ. ಕೋಟಿಗೆ ಒಳಗಿನ ಬಟ್ಟೆ ಇರುತ್ತಲ್ಲ, ಹಾಗೆ ಅದಕ್ಕೂ ಒಳಪದರ ಇರುತ್ತೆ. ಕುತ್ತಿಗೆ ಹಿಂದಕ್ಕೆ ಚೆಲ್ಲಿ ತಿರುವಿದಾಗ ಅದು ಹರಿದರೆ ರಕ್ತ ಎರಡು ಪದರದ ಮಧ್ಯೆ ನುಗ್ಗಿ ಉಬ್ಬುತ್ತೆ, ದಾರಿ ಕಟ್ಟುತ್ತೆ. ಮುಂದೆ ಮಿದುಳಿನ ಅಷ್ಟು ಭಾಗಕ್ಕೆ ರಕ್ತ ಇಲ್ಲ. ಬಹಳ ಅಪರೂಪ. ಹರೆಯದವರಿಗೂ ಬರುತ್ತೆ. ನಾನು ಪುಸ್ತಕದಲ್ಲಿ ಓದಿದ್ದೇ ಹೊರತು ನೋಡಿರಲಿಲ್ಲ. ಹರಿದಿರೋದನ್ನ ಕಣ್ಣಾರೆ ನೋಡೋಕೆ ಇಲ್ಲಿ ಸಾಧನ ಇಲ್ಲ. ಆದರೆ ಅದೇ ಇರಬೇಕು.”

ಅನುಸೂಯಾಳಿಗೆ ಕೋಟು ಗೊತ್ತಿರಲಿಲ್ಲ, ಕೌದಿ ಗೊತ್ತಿತ್ತು. ಹಳೆಯ ಕೌದಿಯಲ್ಲಿ ಒಳಗಿನ ಸೀರೆ ಹರಿದು ಗಂಟಾಗುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ, ಹೊದ್ದವರಿಗಷ್ಟೇ ಚುಚ್ಚುತ್ತದೆ.

ಮೂಗಿನಿಂದ ನಳಿಕೆ ಇಳಿಸಿ ಹಾಲು ಹಾಕಿದರು. ಕುತ್ತಿಗೆಯನ್ನು ಯಾರೂ ತಿಕ್ಕಬಾರದು, ತಿರುವಬಾರದು, ಅವನು ತಲೆ ಎತ್ತಿ ಕೆಲಸ ಮಾಡಬಾರದು ಎಂದರು. ಹುಣಸೆ ನೀರು ಪುಪ್ಪುಸಕ್ಕೆ ಹೊಕ್ಕು ಜ್ವರ ಬಂತು. ಅದಕ್ಕೂ ಸೂಜಿ ಹಾಕಿದರು. ಜ್ವರ ಇಳಿಯುವ ತನಕ ಅವನು ಉಳಿಯುತ್ತಾನೋ ಇಲ್ಲವೋ ಎಂಬಂತಿತ್ತು. ಉಳಿದ. ನುಂಗುವುದು ನಿಧಾನವಾಗಿ ಬಂತು. ದನಿ ಮಾತ್ರ ಬರಲಿಲ್ಲ. ಬಂದದ್ದು ಪಿಸುಮಾತಿನಂಥ ಒಂದು ಒಡಕು.

ಹೊರಡುವ ದಿನ ಅವಳು ಡಾಕ್ಟರನ್ನು ಕೇಳಿದಳು. “ಇವರು ಕುಡದಿದ್ದಿಲ್ಲ ಅಂತ ನಮ್ಮ ಮಂದಿಗಿ ಹೇಳ್ತೀರೇನ್ರಿ?”

“ನಾನು ಭಾಲ್ಕಿಗೆ ಬಂದು ಹೇಳ್ಬೇಕಾ?” ಡಾಕ್ಟರು ನಕ್ಕರು.

ಅವಳು ನಗಲಿಲ್ಲ. ಅವರಿಗೆ ಅದು ತಮಾಷೆಯ ಮಾತಾಗಿ ಕೇಳಿಸಿತ್ತು.

ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದಾಗಲೇ ಮುಂದಿನದು ಹೇಗಿರುತ್ತದೆಂದು ತಿಳಿಯಿತು. ಮಚ್ಛೇಂದ್ರ ಎಡಕ್ಕೆ ಎಳೆದುಕೊಂಡು ನಡೆಯುತ್ತಿದ್ದ. ಗೇಟಿನ ಪೊಲೀಸು, “ಹಗಲಿಗೇ ಏರಿಸಿಯೇನಲೇ?” ಎಂದು ಲಾಠಿಯಿಂದ ಅವನ ಪಕ್ಕೆಗೆ ತಿವಿದ. ಅಂದಿನಿಂದ ಅವಳು ಅವನ ಎಡಕ್ಕೇ ನಡೆಯತೊಡಗಿದಳು. ಅವನು ವಾಲಿದರೆ ಅವಳ ಭುಜಕ್ಕೆ ತಾಗುತ್ತಿದ್ದ, ದೂರದಿಂದ ನೋಡಿದವರಿಗೆ ಗಂಡ ಹೆಂಡತಿ ಏನೋ ಗುಟ್ಟು ಮಾತಾಡುತ್ತ ಹೋಗುತ್ತಿರುವಂತೆ ಕಾಣುತ್ತಿತ್ತು. ಹತ್ತಿರ ಬಂದವರು ಅವನ ಮುಖ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರು. ಕುಡಿತ ಬಿಟ್ಟವನು ಸಾಯುವ ತನಕ ಕುಡುಕನ ಹಾಗೆ ನಡೆಯಬೇಕು. ಇದನ್ನು ಯಾರ ಹತ್ತಿರ ಹೋಗಿ ಜಗಳಾಡುವುದು?

ಜಗಳಾಡಲು ಸಿಕ್ಕವನು ಗೋರಖನಾಥನೊಬ್ಬನೇ. ಅವನು ಆಗಲೇ ಮಚ್ಛೇಂದ್ರನನ್ನು ಕಮಿಟಿಯಿಂದ ತೆಗೆದಿದ್ದ. ಓಣಿಯ ಕೊನೆಯಲ್ಲಿ ಕಟ್ಟಿಸುತ್ತಿದ್ದ ವಿಹಾರ ಬುದ್ಧ ಜಯಂತಿಗೆ ತೆರೆಯಬೇಕಿತ್ತು. ಒಂದೇ ಕೋಣೆ, ಆದರೂ ವಿಹಾರ. ಅದರ ಗೋಡೆಗೆ ಹೆಸರು ಬರೆಯುವ ಕೆಲಸ ಮಚ್ಛೇಂದ್ರನದೇ ಎಂದು ಬುನಾದಿ ಹಾಕುವ ದಿನವೇ ಮಾತಾಗಿತ್ತು. ಈಗ ಉದಗೀರದಿಂದ ಬೇರೆ ಪೇಂಟರನನ್ನು ಕರೆಸುತ್ತಾರೆಂದು ಕೇಳಿ ಅವಳು ವಿಹಾರದ ಮುಂದೆಯೇ ಹೋಗಿ ನಿಂತಳು.

“ಡಾಕ್ಟರು ಹೇಳ್ಯಾರ ಕಾಕಾ. ಕುತ್ತಿಗ್ಯಾಗ ರಕ್ತದ ನಸ ಒಳಗಿಂದೊಳಗೇ ಹರದದಂತ.”

“ಹರದಿರಬೇಕು. ಇಲ್ಲ ಅಂದವರ್ಯಾರು? ಕುಡದು ಕುಡದು ಹರದದ.”

“ಕುಡಿಯೋದಕ್ಕೂ ಇದಕ್ಕೂ ಸಂಬಂಧ ಇಲ್ಲಂತ.”

“ಮೈಸೂರು ಡಾಕ್ಟರಿಗಿ ನಮ್ಮ ಸಿಂದಿ ರುಚಿ ಏನ ಗೊತ್ತವ್ವ?”

“ಮ್ಯಾಲ ನೋಡಿ ನೋಡಿ ಆಗ್ಯದಂತ.”

“ಹಂಗಾದ್ರ ದಾರ ಹಿಡದು ಮ್ಯಾಲ ನೋಡ್ತ ಪತಂಗ ಹಾರಿಸೋ ಹುಡುಗ್ರೆಲ್ಲಾ ಲಕ್ವಾ ಹೊಡದು ಬೀಳ್ಬೇಕಿತ್ತು.”

ಜನ ನಕ್ಕರು. ಅವಳು ಹೇಳಿದ ಪ್ರತಿ ಮಾತಿನ ಕೊನೆಗೂ ಅವರು ಒಂದು ಸಿಂದಿಯ ಮಡಿಕೆ ಕಟ್ಟುತ್ತಿದ್ದರು. ಕಿತ್ತಷ್ಟೂ ಮತ್ತೊಂದು. ಗೋರಖನಾಥ ಕೆಟ್ಟವನಲ್ಲ, ಅವನ ಕಣ್ಣಲ್ಲಿ ನೀರು ಇತ್ತು. ಅದೇ ಅವಳನ್ನು ಹೆಚ್ಚು ಸಿಟ್ಟಿಗೆಬ್ಬಿಸಿತು. ಅವನು ಮಗನಂಥವನು ತನ್ನ ಕೈ ಬಿಟ್ಟನೆಂದು ಅಳುತ್ತಿದ್ದ. ನಡೆಯದೇ ಇದ್ದ ಸಂಗತಿಗಾಗಿ ಅಳುವವನಿಗೆ ಏನು ಸಮಾಧಾನ ಹೇಳುವುದು?

ಔರಾದದಿಂದ ರಜೆಗೆ ಬಂದಿದ್ದ ಏಕನಾಥ ಅಲ್ಲೇ ಇದ್ದ.

“ವೈನಿ, ಸಿಟ್ಟ ಬ್ಯಾಡ್ರಿ. ಔರಾದಕ ಬಂದು ಆ ಕಮಾನ ನೋಡ್ರಿ ಒಮ್ಮಿ. ‘ಮೈಸೂರು ರಾಜ್ಯ’ ಅಂತ ಬರದಾನ ದಾದಾ. ಮೈಸೂರು ಜಾರಿ ಕೆಳಗ ಬಿದ್ದದ, ರಾಜ್ಯ ಒಂದು ನೆಟ್ಟಗ ನಿಂತದ! ಸಾಹೇಬ್ರು ಕೆಂಡ ಆಗ್ಯಾರ. ಹೊಸ ರಾಜ್ಯಕ್ಕ ಅಪಮಾನ ಅಂತ.” ಅವನು ಕೈಯಿಂದ ಗಾಳಿಯಲ್ಲಿ ಸಾಲು ಎಳೆದು ತೋರಿಸಿದ, ಕೆಳಗಿನಿಂದ ಏರಿ ಆಮೇಲೆ ಸಮವಾಗುವಂತೆ. “ಸುರುವಿಗೇ ಸೊಟ್ಟ. ಅಂದ್ರ ಏನಾತು? ಮುಂಜಾನಿ ಬರೋದೇ ಏರಿಸಕೊಂಡು ಬಂದಾನ. ಬರೀತ ಬರೀತ ನಶಾ ಇಳದು ನೆಟ್ಟಗಾಗ್ಯಾನ.”

ಮತ್ತೆ ನಗೆ. ಅನುಸೂಯಾ ನಗೆ ನಿಲ್ಲುವವರೆಗೂ ಅವನ ಕೈಯನ್ನೇ ನೋಡುತ್ತ ನಿಂತಳು. ಗಾಳಿಯಲ್ಲಿ ಅವನ ಕೈ ಎಡದಿಂದ ಬಲಕ್ಕೆ ಹೋಗಿತ್ತು.

“ಇನ್ನೊಮ್ಮಿ ಹೇಳು ಏಕನಾಥ. ‘ರಾಜ್ಯ’ ನೆಟ್ಟಗದ?”

“ಗೆರಿ ಕೊರದಂಗ.”

“ಅಕ್ಷರ ಹ್ಯಾಂಗವ? ನಡುಗ್ಯಾವೇನು?”

“ಅಕ್ಷರ…” ಅವನು ಯೋಚಿಸಿದ. “ಅಕ್ಷರ ಛಂದ ಅವ. ಸಾಲೇ ಇಳದದ.”

“ನಿಮ್ಮ ದಾದಾ ಬರಿಯೋದು ಬಲಗಡಿಯಿಂದ. ಸುರು ಮಾಡಿದ್ದು ‘ರಾಜ್ಯ’ದಿಂದ. ಅದು ನೆಟ್ಟಗದ. ಮುಂಜಾನಿ ನೆಟ್ಟಗಿದ್ದರು ಅವರು. ಆಮ್ಯಾಲ ಆ ನಿಚ್ಚಣಕಿ ಮ್ಯಾಲೇ ಹರದದ ನಸ.”

ಏಕನಾಥ ಗಾಳಿಯಲ್ಲಿ ಕೈಯನ್ನು ಬಲದಿಂದ ಎಡಕ್ಕೆ ಎಳೆದು ನೋಡಿದ. ಆಮೇಲೆ ಗೋರಖನಾಥ, “ಕನ್ನಡ ಯಾರರೇ ಬಲಗಡಿಯಿಂದ ಬರೀತಾರೇನವ್ವ?” ಎಂದ.

“ಅವ ಬರೀತಾನ,” ಎಂದ ಗೋಡೆಗೆ ಸುಣ್ಣ ಬಳಿಯಲು ಬಂದಿದ್ದ ಕರೀಮ ಸಾಬ. “ನಾ ದಿನಾ ನೋಡೇನಿ.”

“ನೀವು ಅವನ ದೋಸ್ತ, ಸಾಬರ. ನೀವು ಹೂಂ ಅನ್ನದೇ ಇರ್ತೀರೇನು?”

ಅನುಸೂಯಾಳಿಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಎದುರಿಗೇ ಗೋಡೆ ಇತ್ತು. ಹೊಸ ಸುಣ್ಣ, ಬೆಳ್ಳಗೆ.

“ಹಂಗಾದ್ರ ಇದೇ ಗೋಡಿ ಕೊಡ್ರಿ. ನಿಮ್ಮ ಕಣ್ಣ ಮುಂದ ಬರೀತಾರ. ಕೆಟ್ಟರ ಸಾಬರು ಸುಣ್ಣ ಬಳೀತಾರ, ಉದಗೀರದವ ಬರ್ತಾನ.”

ಗೋರಖನಾಥ ಕೊಡೆಯ ತುದಿಯಿಂದ ನೆಲ ಕೆರೆದ. “ಕರಕೊಂಡು ಬಾ,” ಎಂದ.

ಮಚ್ಛೇಂದ್ರ ಬರುವುದಿಲ್ಲ ಎಂದ. ತನ್ನ ಕೈ ಸರಿ ಇದೆ, ಕಣ್ಣು ಸರಿ ಇದೆ, ಜಗತ್ತೇ ಒಂದು ಕಡೆ ಇಳಿದಿದೆ ಎಂದು ಪಿಸುಗುಟ್ಟಿದ. ಅವಳು ಗೋಗರೆಯಲಿಲ್ಲ. ಕುಂಚ, ಡಬ್ಬಿ ಎತ್ತಿ ಸೆರಗಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಅವನು ಎದ್ದ.

ಬಾಗಿಲ ಮೇಲೆ ಬರೆಯಬೇಕೆಂದು ಗೋರಖನಾಥನ ಆಸೆ. “ಮ್ಯಾಲ ಬ್ಯಾಡ. ಮತ್ತ ತಲಿ ಎತ್ತಬಾರದು ಅಂದಾರ,” ಎಂದಳು ಅವಳು. ಬಾಗಿಲ ಪಕ್ಕದಲ್ಲಿ, ಕಣ್ಣಿನ ಎತ್ತರಕ್ಕೆ ಜಾಗ ಹಿಡಿದರು. ಕರೀಮ ಸಾಬ ನೀಲಿ ಸವರಿದ ದಾರವನ್ನು ಎರಡು ಮೊಳೆಗೆ ಬಿಗಿದ. ಅದನ್ನು ಚಿಮ್ಮಿ ಗೋಡೆಗೆ ಗೆರೆ ಹಾಕುವ ಮೊದಲು ಮಚ್ಛೇಂದ್ರನ ಒಡಕು ದನಿ ಕೇಳಿಸಿತು.

“ಸಾಬ… ದಾರ ಸರದದ.”

ಕರೀಮ ಸಾಬನ ಕೈ ಅಲ್ಲೇ ನಿಂತಿತು. “ಔರಾದದಾಗೂ ಇದೇ ಅಂದಿದ್ದ,” ಎಂದು ಜನರ ಕಡೆ ತಿರುಗಿದ. “ಇದೇ ಮಾತು.”

ಗೋರಖನಾಥ ಮುಂದೆ ಬಂದ. ಯಾರನ್ನೂ ಕೇಳದೆ ತನ್ನ ಕೊಡೆಯನ್ನು ಗೋಡೆಯ ಬುಡದ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ ಬಲತುದಿಯಲ್ಲಿ ದಾರದ ಎತ್ತರ ಅಳೆದ. ಹಿಡಿಕೆಯ ಮೇಲೆ ಬೆರಳಿಟ್ಟುಕೊಂಡು ಎಡತುದಿಗೆ ಹೋಗಿ ಅಳೆದ. ಬೆರಳು ದಾರಕ್ಕೇ ಬಂತು. ಇನ್ನೊಮ್ಮೆ ಅಳೆದ.

“ಸಮ ಅದಲೇ ಮಚ್ಛ್ಯಾ.”

“ಇಲ್ಲ. ಎಡಕ್ಕ ಏರ್ಯದ.”

ಗೋರಖನಾಥ ಅವನ ಮುಖವನ್ನು ಹತ್ತಿರದಿಂದ ನೋಡಿದ. ಇಷ್ಟು ದಿನಗಳಲ್ಲಿ ಅವನು ಆ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ಅನುಸೂಯಾ ಗಂಡನ ಎಡಕ್ಕೆ ನಿಂತು ಅವನ ಸೊಂಟ ಬಳಸಿ ಭುಜ ಕೊಟ್ಟಳು. “ದಾರದ ಮ್ಯಾಲೇ ಬರೀರಿ.”

“ಸೊಟ್ಟ ಆಗ್ತದ.”

“ಆಗ್ಲಿ. ಬರೀರಿ.”

ಕರೀಮ ಸಾಬ ದಾರ ಚಿಮ್ಮಿದ, ಗೋಡೆಗೆ ನೀಲಿ ಗೆರೆ ಬಿತ್ತು. ಮಚ್ಛೇಂದ್ರ ಬಲತುದಿಗೆ ಹೋದ. ಕುಂಚ ಅದ್ದಿ ಮೊದಲು ‘ರ’ ಬರೆದ. ಅದರ ಹಿಂದೆ ‘ಹಾ’. ಅದರ ಹಿಂದೆ ‘ವಿ’. ಎದುರುಮನೆಯ ಮುದುಕಿ, “ಇದೇನ ಹಿಂದಮುಂದ!” ಎಂದಳು. ಏಕನಾಥ ಅವಳಿಗೆ ಸುಮ್ಮನಿರಲು ಕೈ ಮಾಡಿದ. ಪ್ರತಿ ಅಕ್ಷರಕ್ಕೂ ಮಚ್ಛೇಂದ್ರನ ಕೈ ಗೆರೆಯ ಕೆಳಗೆ ಇಳಿಯಲು ಹೋಗುತ್ತಿತ್ತು, “ದಾರದ ಮ್ಯಾಲ,” ಎನ್ನುತ್ತಿದ್ದಳು ಅವಳು, ಕೈ ಮತ್ತೆ ಮೇಲೆ ಬರುತ್ತಿತ್ತು. ಬರುವಾಗ ಅವನು ಹಲ್ಲು ಕಚ್ಚುತ್ತಿದ್ದ. ಕೊನೆಗೆ ಎಡತುದಿಯಲ್ಲಿ ‘ಬು’ ಮುಗಿಯಿತು. ಬುದ್ಧ ವಿಹಾರ. ಸಾಲು ದಾರ ಬಿಗಿದಷ್ಟು ನೇರವಾಗಿತ್ತು.

ಗೋರಖನಾಥ ಗೋಡೆ ನೋಡಿದ, ಆಮೇಲೆ ಕೊಡೆ ನೋಡಿದ. “ಕುಡದಿದ್ದಿಲ್ಲ ಅವ,” ಎಂದ, ಮಚ್ಛೇಂದ್ರನಿಗಲ್ಲ, ಅನುಸೂಯಾಳಿಗೂ ಅಲ್ಲ. “ಕಮಿಟ್ಯಾಗ ಇರ್ಲಿ ಹೆಸರು.”

ಅವಳು ಇಷ್ಟು ದಿನ ಕಾದದ್ದು ಈ ಮಾತಿಗೆ. ಬಂತು. ಬಂದಾಗ ಅವಳಿಗೆ ಕೇಳಿಸಿಕೊಳ್ಳಲು ಪುರುಸೊತ್ತು ಇರಲಿಲ್ಲ, ಏಕೆಂದರೆ ಮಚ್ಛೇಂದ್ರ ಮತ್ತೆ ಕುಂಚ ಅದ್ದಿ ‘ಬು’ವಿನ ಮೇಲೆ ಬಿಳಿ ಹೊಡೆಯಲು ಹೋಗುತ್ತಿದ್ದ. ಅವಳು ಮಣಿಕಟ್ಟು ಹಿಡಿದಳು.

“ಬಿಡು. ಸೊಟ್ಟ ಆಗ್ಯದ.”

“ನೆಟ್ಟಗದಲೇ,” ಎಂದ ಗೋರಖನಾಥ.

“ಗೆರಿ ಕೊರದಂಗ ಅದ ದಾದಾ,” ಎಂದ ಏಕನಾಥ.

“ಸುಳ್ಳ,” ಎಂದ ಮಚ್ಛೇಂದ್ರ.

ಓಣಿಯವರೆಲ್ಲ ಒಬ್ಬರಾದ ಮೇಲೊಬ್ಬರು ನೆಟ್ಟಗಿದೆ ಎಂದರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ತನ್ನ ಎಡಕ್ಕೆ ನಿಂತವಳ ಮುಖ ನೋಡಿದ.

“ನೆಟ್ಟಗದರಿ,” ಎಂದಳು ಅನುಸೂಯಾ.

“ನೀನೂ ಅವರಂಗೇ ಅಂತೀ?” ಎಂದ ಅವನು.

ಅವಳು ಕೈ ಬಿಡಲಿಲ್ಲ. ಕುಂಚದ ತುದಿಯಿಂದ ಬಣ್ಣ ಅವಳ ಮುಂಗೈಗೆ ಇಳಿಯುತ್ತಿತ್ತು.